ಸಭೆಯಲ್ಲಿ ಹೇಳಿದ್ದು, ಸಭೆಯಲ್ಲಿ ತೀರ್ಮಾನವಾದದ್ದು

ಎಂಜಿನಿಯರ್‌ಗಳ ಸಭೆಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ಟೆಕ್ನಿಕಲ್ ರೈಟರ್‌ನ (ತಂತ್ರಾಂಶದ ಕೈಪಿಡಿಗಳನ್ನು ಬರೆಯುವವರ) ಕೆಲಸ ಹೊರಗಿನಿಂದ ನೋಡುವವರಿಗೆ ಕೇಳಿದ್ದನ್ನು ಬರೆದಿಡುವ ಕೆಲಸವಾಗಿಯೇ ಕಾಣುತ್ತದೆ. ಕೈ ಚುರುಕಾಗಿದ್ದು, ಒಂದು ಗಂಟೆ ಸುಮ್ಮನೆ ಕೂರಬಲ್ಲ ಯಾರಾದರೂ ಅದನ್ನು ಮಾಡಬಹುದು ಎಂಬ ಭಾವನೆ ಸಾಮಾನ್ಯವಾಗಿದೆ. ವರ್ಷಗಳಿಂದ ಈ ಕೆಲಸದಲ್ಲಿರುವ ನನಗೆ ಬರವಣಿಗೆಯ ವೇಗವಾಗಲಿ ಪಾರಿಭಾಷಿಕ ಪದಗಳಾಗಲಿ ಅಷ್ಟು ಕಷ್ಟವೆನಿಸಿಲ್ಲ. ಒಂದು ಮಾತನ್ನು ಹೇಳಿದವರು ಅದನ್ನು ಎಷ್ಟು ಖಚಿತವಾಗಿ ಹೇಳಿದರು ಎಂಬುದನ್ನು ಕಾಗದದ ಮೇಲೂ ಉಳಿಸಿಕೊಳ್ಳುವುದೇ ನಿಜವಾದ ಕಷ್ಟ. "ಇದು ಬಹುಶಃ ಮುಂದಿನ ಆವೃತ್ತಿಯಲ್ಲಿ ಬರುತ್ತದೆ", "ಇದು ಮುಂದಿನ ಆವೃತ್ತಿಯಲ್ಲಿ ಬಂದರೆ ಒಳ್ಳೆಯದು", "ಇದನ್ನು ಮುಂದಿನ ಆವೃತ್ತಿಗೆ ಸೇರಿಸಿಯಾಗಿದೆ" ಎಂಬ ಮೂರು ಮಾತುಗಳೂ ಒಂದೇ ಸಭೆಯಲ್ಲಿ, ಒಂದೇ ಸೌಲಭ್ಯದ ಬಗ್ಗೆ, ಕೆಲವೇ ನಿಮಿಷಗಳ ಅಂತರದಲ್ಲಿ ಕೇಳಿಬರುತ್ತವೆ. ಅವಸರದ ಟಿಪ್ಪಣಿಯಲ್ಲಿ ಮೂರೂ "ಮುಂದಿನ ಆವೃತ್ತಿ" ಎಂಬ ಎರಡು ಪದಗಳಾಗಿ ಉಳಿದುಬಿಡುತ್ತವೆ. ಮುಂದೊಂದು ದಿನ ಆ ಎರಡು ಪದಗಳಿಂದಲೇ ಬಳಕೆದಾರರ ಕೈಪಿಡಿಯಲ್ಲಿ ಒಂದು ಆಶ್ವಾಸನೆಯ ವಾಕ್ಯ ಹುಟ್ಟಿಕೊಳ್ಳುತ್ತದೆ, ಮತ್ತು ಆ ಆಶ್ವಾಸನೆಯನ್ನು ಯಾರೂ ಕೊಟ್ಟಿರುವುದೇ ಇಲ್ಲ.

ಸಭೆಯಲ್ಲಿದ್ದವರು ಟಿಪ್ಪಣಿಯನ್ನು ಓದುವಾಗ ತಮ್ಮ ನೆನಪನ್ನೂ ಸೇರಿಸಿಕೊಂಡೇ ಓದುತ್ತಾರೆ. ಯಾರ ದನಿಯಲ್ಲಿ ಅನುಮಾನವಿತ್ತು, ಯಾರು ಒಪ್ಪದೆ ಸುಮ್ಮನಾದರು ಎಂಬುದು ಅವರಿಗೆ ಒಂದೆರಡು ವಾರವಾದರೂ ನೆನಪಿರುತ್ತದೆ. ಆದರೆ ನಾನು ಬರೆಯುವುದು ಮುಖ್ಯವಾಗಿ ಅಲ್ಲಿ ಇಲ್ಲದವರಿಗಾಗಿ. ಅಂದು ರಜೆಯಲ್ಲಿದ್ದ ಎಂಜಿನಿಯರ್, ಮುಂದಿನ ವರ್ಷ ತಂಡಕ್ಕೆ ಸೇರುವವರು, ಬಳಕೆದಾರರ ದೂರಿಗೆ ಉತ್ತರ ಹುಡುಕುತ್ತಿರುವ ಸಪೋರ್ಟ್ ವಿಭಾಗದವರು, ಇವರಿಗೆಲ್ಲ ದನಿ ಕೇಳಿಸುವುದಿಲ್ಲ, ಅಕ್ಷರ ಮಾತ್ರ ಕಾಣಿಸುತ್ತದೆ. ಅಕ್ಷರಕ್ಕೆ ಇಳಿದ ಮಾತಿಗೆ ತಾನಾಗಿಯೇ ಒಂದು ಅಧಿಕಾರ ಬಂದುಬಿಡುತ್ತದೆ.

ಈ ಅಪಾಯವನ್ನು ಅಂತರ್ಜಾಲದ ಮೂಲಪುರುಷರು ಬಹಳ ಮೊದಲೇ ಗುರುತಿಸಿದ್ದರು. ಅಂತರ್ಜಾಲಕ್ಕೆ ಪೂರ್ವಜವಾದ ಅರ್ಪಾನೆಟ್ ಜಾಲ ರೂಪುಗೊಳ್ಳುತ್ತಿದ್ದ 1969ರ ಏಪ್ರಿಲ್‌ನಲ್ಲಿ ಸ್ಟೀವ್ ಕ್ರಾಕರ್ ಅವರು 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್' ಎಂಬ ಟಿಪ್ಪಣಿಗಳ ಸರಣಿಯನ್ನು ಆರಂಭಿಸಿದರು. ಇಂದಿಗೂ ಮುಂದುವರಿದಿರುವ ಆ ಸರಣಿಯ ಮೂರನೆಯ ಟಿಪ್ಪಣಿ, ಅಂದರೆ ಆರ್‌ಎಫ್‌ಸಿ 3, ಟಿಪ್ಪಣಿಗಳನ್ನು ಹೇಗೆ ಬರೆಯಬೇಕೆಂಬುದರ ಬಗ್ಗೆಯೇ ಇದೆ. ಟಿಪ್ಪಣಿ ನಯವಾಗಿರುವುದಕ್ಕಿಂತ ಸಕಾಲದಲ್ಲಿ ಬರುವುದು ಮುಖ್ಯ ಎಂದು ಅದು ಹೇಳುತ್ತದೆ. ಅದಕ್ಕೆ ಕೊಡುವ ಕಾರಣಗಳು ಎರಡು: ಬರೆದದ್ದನ್ನೆಲ್ಲ ಅಧಿಕೃತವೆಂದು ಭಾವಿಸುವ ಪ್ರವೃತ್ತಿ ಜನರಲ್ಲಿದೆ, ಮತ್ತು ತಿದ್ದಿ ತೀಡದ ಬರಹವನ್ನು ಇತರರ ಮುಂದಿಡಲು ಯಾರಿಗಾದರೂ ಸಂಕೋಚವಾಗುತ್ತದೆ. ಇನ್ನೂ ಹಣ್ಣಾಗದ ವಿಚಾರಗಳೂ ಕಾಗದಕ್ಕೆ ಬರಲಿ, ಆದರೆ ಅವು ಹಣ್ಣಾಗಿಲ್ಲವೆಂಬುದು ಓದುವವರಿಗೆ ತಿಳಿದಿರಲಿ ಎಂಬುದು ಆ ಟಿಪ್ಪಣಿಯ ಆಶಯ. ನನ್ನ ಕೆಲಸದ ಬಗ್ಗೆ ಇದಕ್ಕಿಂತ ಉಪಯುಕ್ತವಾದ ಮಾತನ್ನು ನಾನು ಓದಿಲ್ಲ.

ಹಣ ಪಾವತಿಯ ಕೋರಿಕೆಗಳನ್ನು ಸ್ವೀಕರಿಸುವ ಎಪಿಐ ಒಂದಕ್ಕೆ (ಒಂದು ತಂತ್ರಾಂಶ ಇನ್ನೊಂದರ ಜೊತೆ ವ್ಯವಹರಿಸುವ ಮಾರ್ಗಕ್ಕೆ) ಕೈಪಿಡಿ ಬರೆಯುತ್ತಿದ್ದಾಗ ನಡೆದ ಒಂದು ಸಭೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. "30 ಸೆಕೆಂಡ್ ಆದ ಮೇಲೆ ಕೋರಿಕೆ ಫೇಲ್ ಆಗುತ್ತದೆ" ಎಂದು ಒಬ್ಬ ಎಂಜಿನಿಯರ್ ಹೇಳಿದರು, ಉಳಿದವರು ತಲೆಯಾಡಿಸಿದರು, ಮಾತು ಮುಂದಿನ ವಿಷಯಕ್ಕೆ ಹೊರಳಿತು. ಆ ವಾಕ್ಯವನ್ನು ಹಾಗೆಯೇ ಬರೆದುಕೊಂಡಿದ್ದರೆ ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಆದರೆ ಅದನ್ನು ಕೈಪಿಡಿಗೆ ಹಾಕುವುದಾದರೆ ಬಳಕೆದಾರ ಮೊದಲು ಕೇಳುವ ಪ್ರಶ್ನೆ "ಹಾಗಾದರೆ ನಾನು ಮತ್ತೆ ಕಳುಹಿಸಬಹುದೇ?" ಎಂಬುದು. ಆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ 30 ಸೆಕೆಂಡನ್ನು ಎಣಿಸುತ್ತಿರುವವರು ಯಾರು, ಮತ್ತು ಆ ಗಡುವು ಮುಗಿದ ಮೇಲೆ ಸರ್ವರ್‌ನಲ್ಲಿ ನಡೆಯುತ್ತಿದ್ದ ಕೆಲಸ ಏನಾಗುತ್ತದೆ ಎಂಬುದು ತಿಳಿದಿರಬೇಕು. ನಾನು ಆ ಎರಡನ್ನೂ ಕೇಳಿದೆ. ಮೊದಲು ಮಾತನಾಡಿದವರು, ಎಣಿಸುವುದು ಕ್ಲೈಂಟ್ ಲೈಬ್ರರಿ (ಬಳಕೆದಾರನ ಕಡೆಯಿಂದ ಕೋರಿಕೆ ಕಳುಹಿಸುವ ಕೋಡ್), ಅದು ಕಾಯುವುದನ್ನು ನಿಲ್ಲಿಸುತ್ತದೆ, ಅಷ್ಟೇ ಎಂದರು. ಸರ್ವರ್ ಭಾಗ ನೋಡಿಕೊಳ್ಳುತ್ತಿದ್ದ ಇನ್ನೊಬ್ಬರು, ಗಡುವು ಮೀರಿದ ಕೋರಿಕೆಯನ್ನು ಸರ್ವರ್ ತಾನೇ ರದ್ದುಮಾಡುತ್ತದೆಂದು ತಿಳಿದಿದ್ದರು. ಇಬ್ಬರೂ ಅದೇ ವಾಕ್ಯಕ್ಕೆ ತಲೆಯಾಡಿಸಿದ್ದರು.

ಮೊದಲನೆಯವರ ತಿಳಿವಳಿಕೆ ಸರಿಯಾಗಿದ್ದರೆ "ಫೇಲ್" ಎಂಬುದರ ಅರ್ಥ "ಫಲಿತಾಂಶ ಗೊತ್ತಿಲ್ಲ" ಎಂದಾಗುತ್ತದೆ. ಕ್ಲೈಂಟ್ ಕಾಯುವುದನ್ನು ಬಿಟ್ಟ ಮರುಕ್ಷಣ ಸರ್ವರ್ ಪಾವತಿಯನ್ನು ಮುಗಿಸಿರಬಹುದು, ಬಳಕೆದಾರ ಮತ್ತೆ ಕಳುಹಿಸಿದರೆ ಎರಡು ಬಾರಿ ಹಣ ಕಡಿತವಾಗಬಹುದು. ಅದನ್ನು ತಪ್ಪಿಸಲು ಪ್ರತಿ ಕೋರಿಕೆಗೂ ಒಂದು ವಿಶಿಷ್ಟ ಕೀ (ಗುರುತಿನ ಸಂಕೇತ) ಕೊಟ್ಟು, ಮರುಪ್ರಯತ್ನದಲ್ಲೂ ಅದೇ ಕೀ ಕಳುಹಿಸಬೇಕು. ಆಗ ಅದೇ ಕೋರಿಕೆ ಎರಡು ಬಾರಿ ತಲುಪಿದರೂ ಪರಿಣಾಮ ಒಂದೇ ಬಾರಿ ಆಗುವಂತೆ ಸರ್ವರ್ ನೋಡಿಕೊಳ್ಳುತ್ತದೆ. ಎರಡನೆಯವರ ತಿಳಿವಳಿಕೆ ಸರಿಯಾಗಿದ್ದರೆ ಇದರ ಅಗತ್ಯ ಅಷ್ಟಾಗಿ ಇಲ್ಲ. ಆ ದಿನದ ನನ್ನ ಟಿಪ್ಪಣಿಯಲ್ಲಿ ಈ ವಿಷಯಕ್ಕೆ ಉಳಿದದ್ದು ಮೂರು ಸಾಲು:

"ಕ್ಲೈಂಟ್ ಲೈಬ್ರರಿ 30 ಸೆಕೆಂಡ್ ಕಾಯುತ್ತದೆ. ಖಚಿತ, ಕೋಡ್‌ನಲ್ಲಿ ತೋರಿಸಿದರು.

ಗಡುವು ಮುಗಿದ ಮೇಲೂ ಸರ್ವರ್‌ನಲ್ಲಿ ಕೆಲಸ ಮುಂದುವರಿಯುತ್ತದೆಯೇ? ಭಿನ್ನಾಭಿಪ್ರಾಯ. ಪರೀಕ್ಷಿಸಿ ಹೇಳುವವರು ಸರ್ವರ್ ತಂಡ, ಗುರುವಾರದೊಳಗೆ.

ಮರುಪ್ರಯತ್ನಕ್ಕೆ ಅದೇ ಕೀ ಕಡ್ಡಾಯವೇ? ಮೇಲಿನ ಉತ್ತರ ಬಂದ ಮೇಲೆ ಬರೆಯುವುದು."

ಪರೀಕ್ಷೆಯಲ್ಲಿ ಕೆಲಸ ಮುಂದುವರಿಯುತ್ತದೆ ಎಂದು ಗೊತ್ತಾಯಿತು. ಕೈಪಿಡಿಯ ಆ ಪುಟ ಪೂರ್ತಿ ಬೇರೆಯೇ ಆಯಿತು: ಗಡುವು ಮೀರಿದರೆ ಮೊದಲು ಪಾವತಿಯ ಸ್ಥಿತಿಯನ್ನು ವಿಚಾರಿಸಿ, ಮತ್ತೆ ಕಳುಹಿಸುವುದಾದರೆ ಅದೇ ಕೀ ಬಳಸಿ. ಗೆದ್ದಿತು, ಸೋತಿತು ಎಂಬ ಎರಡೇ ಸ್ಥಿತಿಗಳಲ್ಲಿ ಯೋಚಿಸುವುದು ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, "ಇನ್ನೂ ಗೊತ್ತಿಲ್ಲ" ಎಂಬ ಮೂರನೆಯ ಸ್ಥಿತಿ ಸಭೆಯ ಮಾತಿನಲ್ಲಿ ಸುಲಭವಾಗಿ ಕಳೆದುಹೋಗುತ್ತದೆ. ವೆಬ್‌ನಲ್ಲಿ ಕೋರಿಕೆ ಮತ್ತು ಉತ್ತರಗಳು ಸಾಗುವ ನಿಯಮಾವಳಿಯಾದ ಎಚ್‌ಟಿಟಿಪಿಯಲ್ಲಾದರೂ ಅದಕ್ಕೆ ಹತ್ತಿರದ ಒಂದು ಸ್ಥಾನವಿದೆ. ಕೋರಿಕೆಯನ್ನು ಸ್ವೀಕರಿಸಲಾಗಿದೆ, ಆದರೆ ಕೆಲಸ ಮುಗಿದಿಲ್ಲ ಎಂದು ಹೇಳಲೆಂದೇ 202 ಎಂಬ ಉತ್ತರವಿದೆ. ಟಿಪ್ಪಣಿಯಲ್ಲೂ ಅಂಥದೊಂದು ಸ್ಥಾನವನ್ನು ನಾವೇ ಮಾಡಿಕೊಳ್ಳಬೇಕು.

ನಾನು ಮಾಡಿಕೊಂಡಿರುವ ವ್ಯವಸ್ಥೆ ಸರಳವಾದದ್ದು. ಪ್ರತಿ ಸಾಲಿನ ಎಡಕ್ಕೆ ಅದು ತೀರ್ಮಾನವೋ, ಪರಿಶೀಲಿಸಿದ ಸಂಗತಿಯೋ, ಅಂದಾಜೋ, ಸಲಹೆಯೋ, ಪ್ರಶ್ನೆಯೋ ಎಂದು ಒಂದು ಅಕ್ಷರದಲ್ಲಿ ಗುರುತು ಹಾಕುತ್ತೇನೆ. ಯಾವ ಗುರುತು ಹಾಕಬೇಕೆಂದು ನನಗೇ ತಿಳಿಯದಿದ್ದರೆ ಅದು ಪ್ರಶ್ನೆ. ಮಾತಿನ ನಡುವೆ ಇದನ್ನು ನಿರ್ಧರಿಸುವುದು ಸುಲಭವಲ್ಲ, ಏಕೆಂದರೆ ಅನುಭವಿ ಎಂಜಿನಿಯರ್‌ಗಳು ತಮ್ಮ ಅಂದಾಜನ್ನೂ ಗಟ್ಟಿ ದನಿಯಲ್ಲೇ ಹೇಳುತ್ತಾರೆ, ಹೊಸಬರು ತಾವೇ ಪರೀಕ್ಷಿಸಿ ನೋಡಿದ ಸಂಗತಿಯನ್ನೂ ಹಿಂಜರಿಯುತ್ತ ಹೇಳುತ್ತಾರೆ. ದನಿಯನ್ನು ನಂಬಿ ಗುರುತು ಹಾಕಿದರೆ ಎರಡೂ ಕಡೆ ಎಡವುತ್ತೇವೆ. "ಇದನ್ನು ನೀವು ನೋಡಿದ್ದೀರಾ, ಅಥವಾ ಹಾಗಿರಬಹುದು ಎನ್ನುತ್ತಿದ್ದೀರಾ?" ಎಂದು ಕೇಳಿದರೆ ಬೇಸರಪಟ್ಟುಕೊಳ್ಳುವವರು ಬಹಳ ಕಡಿಮೆ. ಬಹುಪಾಲು ಎಂಜಿನಿಯರ್‌ಗಳು ಆ ವ್ಯತ್ಯಾಸವನ್ನು ಗೌರವಿಸುವವರೇ, ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತಾರೆ.

ಮಾನದಂಡಗಳನ್ನು ಬರೆಯುವವರು ಈ ಸಮಸ್ಯೆಯನ್ನು ಎದುರಿಸಿದ ರೀತಿ ಗಮನಿಸುವಂಥದು. ಸ್ಕಾಟ್ ಬ್ರಾಡ್ನರ್ 1997ರ ಮಾರ್ಚ್‌ನಲ್ಲಿ ಬರೆದ ಆರ್‌ಎಫ್‌ಸಿ 2119, ಮಸ್ಟ್, ಶುಡ್, ಮೇ ಎಂಬ ಪದಗಳು ತಾಂತ್ರಿಕ ದಾಖಲೆಗಳಲ್ಲಿ ಏನನ್ನು ಹೇಳುತ್ತವೆ ಎಂಬುದನ್ನು ನಿಗದಿಪಡಿಸಿತು. ಮಸ್ಟ್ ಎಂದರೆ ವಿನಾಯಿತಿ ಇಲ್ಲದ ಕಡ್ಡಾಯ. ಶುಡ್ ಎಂದಾಗ, ನಿರ್ದಿಷ್ಟ ಸಂದರ್ಭದಲ್ಲಿ ತಕ್ಕ ಕಾರಣವಿದ್ದರೆ ಅದನ್ನು ಬಿಡಬಹುದು, ಆದರೆ ಪರಿಣಾಮಗಳನ್ನು ಪೂರ್ತಿ ಅರಿತು ತೂಗಿ ನೋಡಿಯೇ ಬಿಡಬೇಕು. ಮೇ ಎಂದರೆ ಐಚ್ಛಿಕ. ದೊಡ್ಡ ಅಕ್ಷರಗಳಲ್ಲಿ ಬರೆದಾಗ ಮಾತ್ರ ಈ ವಿಶೇಷಾರ್ಥ ಅನ್ವಯಿಸುತ್ತದೆ ಎಂದು 2017ರ ಆರ್‌ಎಫ್‌ಸಿ 8174 ಸ್ಪಷ್ಟಪಡಿಸಿತು. ಬರಹದಲ್ಲಿಯೇ ಇಷ್ಟು ಎಚ್ಚರ ಬೇಕಾಯಿತೆಂದರೆ, ದೊಡ್ಡ ಅಕ್ಷರಗಳೇ ಇಲ್ಲದ ಮಾತಿನ ಪಾಡನ್ನು ಊಹಿಸಬಹುದು. ಸಭೆಯಲ್ಲಿ "ಇದು ಶುಡ್ ವರ್ಕ್" ಎಂದವರು ನಿಯಮವನ್ನೂ ಹೇಳುತ್ತಿರಬಹುದು, ನಿರೀಕ್ಷೆಯನ್ನೂ ಹೇಳುತ್ತಿರಬಹುದು. ಹಳೆಯ ಸೌಲಭ್ಯವೊಂದನ್ನು "ತೆಗೆಯುತ್ತಿದ್ದೇವೆ" ಎಂದಾಗಲೂ ಹೀಗೆಯೇ. ಇನ್ನು ಮುಂದೆ ಅದನ್ನು ಬಳಸದಿರಿ ಎಂಬ ಸೂಚನೆ ಮಾತ್ರವೋ, ಬಳಸಿದರೆ ಎಚ್ಚರಿಕೆಯ ಸಂದೇಶ ಬರುತ್ತದೆಯೋ, ಕೋಡ್‌ನಿಂದಲೇ ಅಳಿಸಿಹಾಕುತ್ತಾರೆಯೋ, ಯಾವ ದಿನಾಂಕದಿಂದ? ಬಳಕೆದಾರನ ಪಾಲಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ ಸುದ್ದಿಗಳು.

ತೀರ್ಮಾನದ ಜೊತೆಗೆ ಬರೆದಿಡಲೇಬೇಕಾದ ಇನ್ನೊಂದು ಸಂಗತಿ ಅದರ ಕಾರಣ. ಮೈಕೆಲ್ ನೈಗಾರ್ಡ್ ಅವರು 2011ರಲ್ಲಿ, ತಂತ್ರಾಂಶದ ವಿನ್ಯಾಸಕ್ಕೆ ಸಂಬಂಧಿಸಿದ ಪ್ರತಿಯೊಂದು ಮುಖ್ಯ ನಿರ್ಧಾರವನ್ನೂ ಒಂದೆರಡು ಪುಟಗಳ ದಾಖಲೆಯಾಗಿ ಕೋಡ್‌ನ ಜೊತೆಯಲ್ಲೇ ಇಡುವ ಪದ್ಧತಿಯನ್ನು ಸೂಚಿಸಿದರು. ನಿರ್ಧಾರದ ಹಿನ್ನೆಲೆ, ನಿರ್ಧಾರ, ಅದರ ಈಗಿನ ಸ್ಥಿತಿ, ಅದರ ಪರಿಣಾಮಗಳು, ಇಷ್ಟೇ ಅದರ ಅಂಗಗಳು. ನಿರ್ಧಾರ ಬದಲಾದರೆ ಹಳೆಯ ದಾಖಲೆಯನ್ನು ಅಳಿಸುವುದಿಲ್ಲ, ಹೊಸದೊಂದು ಅದರ ಸ್ಥಾನಕ್ಕೆ ಬಂದಿದೆ ಎಂದು ಗುರುತಿಸುತ್ತಾರೆ. ಈ ಪದ್ಧತಿಯನ್ನು ಪಾಲಿಸುವ ತಂಡಗಳಲ್ಲಿ ನನ್ನ ಅರ್ಧ ಕೆಲಸ ಹಗುರವಾಗುತ್ತದೆ. ಪಾಲಿಸದ ಕಡೆ ಟಿಪ್ಪಣಿಯೇ ಆ ಹೊಣೆಯನ್ನು ಹೊರಬೇಕಾಗುತ್ತದೆ, ವಿಶೇಷವಾಗಿ ಕೈಬಿಟ್ಟ ಆಯ್ಕೆಗಳ ವಿಷಯದಲ್ಲಿ.

ದೊಡ್ಡ ಪಟ್ಟಿಯನ್ನು ಪುಟಪುಟವಾಗಿ ಕೊಡುವ ಎಪಿಐಗಳನ್ನೇ ನೋಡಿ. ಪುಟಸಂಖ್ಯೆ ಕೊಟ್ಟು ನೇರವಾಗಿ ಏಳನೆಯ ಪುಟಕ್ಕೆ ಹೋಗುವ ಸೌಕರ್ಯ ಬಳಕೆದಾರರಿಗೆ ಬೇಕಿರುತ್ತದೆ. ಎಂಜಿನಿಯರ್‌ಗಳು ಅದನ್ನು ಬಿಟ್ಟು, ಪ್ರತಿ ಉತ್ತರದ ಜೊತೆಗೆ ಒಂದು ಕರ್ಸರ್ (ಪಟ್ಟಿಯಲ್ಲಿ ಎಲ್ಲಿಯವರೆಗೆ ಬಂದಿದ್ದೇವೆ ಎಂಬ ಗುರುತು) ಕೊಟ್ಟು, ಅದನ್ನು ತೋರಿಸಿದರೆ ಮುಂದಿನ ಭಾಗ ಕೊಡುವ ವಿಧಾನವನ್ನು ಆರಿಸಿಕೊಳ್ಳುತ್ತಾರೆ. ಕಾರಣ ಸಭೆಯಲ್ಲಿ ಎರಡು ವಾಕ್ಯದಲ್ಲಿ ಹೇಳಿ ಮುಗಿಯುತ್ತದೆ: ಬಳಕೆದಾರ ಪಟ್ಟಿಯನ್ನು ಓದುತ್ತಿರುವಾಗಲೇ ಮೊದಲ ಪುಟಕ್ಕೆ ಹೊಸ ದಾಖಲೆಗಳು ಸೇರಿದರೆ ಉಳಿದವೆಲ್ಲ ಕೆಳಗೆ ಸರಿಯುತ್ತವೆ, ಆಗ ಒಂದು ಪುಟದ ಕೊನೆಯಲ್ಲಿ ಕಂಡದ್ದೇ ಮುಂದಿನ ಪುಟದ ಆರಂಭದಲ್ಲಿ ಮತ್ತೆ ಕಾಣುತ್ತದೆ. ನಡುವೆ ಕೆಲವು ಅಳಿದರೆ ಇದಕ್ಕೆ ವಿರುದ್ಧವಾಗಿ, ಕಾಣಬೇಕಾದ ದಾಖಲೆಯೇ ತಪ್ಪಿಹೋಗುತ್ತದೆ. "ಕರ್ಸರ್ ಬಳಸುವುದೆಂದು ತೀರ್ಮಾನ" ಎಂದು ಮಾತ್ರ ಬರೆದರೆ ತೀರ್ಮಾನವೇನೋ ಉಳಿಯುತ್ತದೆ, ಆದರೆ ಏಳನೆಯ ಪುಟಕ್ಕೆ ಹೋಗುವುದು ಹೇಗೆ ಎಂದು ಕೇಳುವವರಿಗೆ ಕೊಡಬೇಕಾದ ಉತ್ತರ ಕಳೆದುಹೋಗುತ್ತದೆ. ಒಂದು ವರ್ಷದ ನಂತರ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಪುಟಸಂಖ್ಯೆಯನ್ನು ಸೇರಿಸಲು ಹೊರಟಾಗ ಅವರನ್ನು ತಡೆದು ಯೋಚಿಸುವಂತೆ ಮಾಡಲು ಏನೂ ಇರುವುದಿಲ್ಲ.

ಬರೆಯುವ ಸಾಧನದ ಬಗ್ಗೆ ನನಗೆ ಅಷ್ಟು ಗಟ್ಟಿಯಾದ ಪಕ್ಷಪಾತವಿಲ್ಲ. ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಆಪನ್‌ಹೈಮರ್ ಅವರ 2014ರ ಅಧ್ಯಯನದ ನಂತರ, ಕೈಬರಹವೇ ಮೇಲು ಎಂಬ ಮಾತು ಬಹಳ ಹರಡಿತು. ಲ್ಯಾಪ್‌ಟಾಪ್‌ನಲ್ಲಿ ಬರೆದುಕೊಂಡವರು ಉಪನ್ಯಾಸದ ಮಾತುಗಳನ್ನು ಹೆಚ್ಚಾಗಿ ಯಥಾವತ್ತಾಗಿ ಇಳಿಸಿಕೊಂಡರು, ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು ಎಂದು ಅದು ಹೇಳಿತ್ತು. ಅದೇ ಪ್ರಯೋಗವನ್ನು ಮತ್ತೆ ನಡೆಸಿ ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಅಂಶ ಮತ್ತೆ ಕಂಡಿತು, ಎರಡನೆಯದು ಕಾಣಲಿಲ್ಲ. ನನ್ನ ಕೆಲಸಕ್ಕೆ ಮುಖ್ಯವಾದದ್ದು ಆ ಮೊದಲ ಅಂಶವೇ. ಯಥಾವತ್ತಾಗಿ ಇಳಿಸಿಕೊಳ್ಳಬೇಕಾದವು ಕೆಲವೇ ಇವೆ: ಸಂಖ್ಯೆಗಳು, ಅವುಗಳ ಏಕಮಾನ, ಪ್ಯಾರಾಮೀಟರ್‌ಗಳ ಹೆಸರು, ದೋಷಸಂದೇಶದ ಒಕ್ಕಣೆ. ಮಿಲಿಸೆಕೆಂಡೋ ಸೆಕೆಂಡೋ ಎಂದು ಹೇಳದೆ "ಐದು ಸಾವಿರ" ಎಂದವರನ್ನು ಅಲ್ಲಿಯೇ ತಡೆದು ಕೇಳಬೇಕು. ಉಳಿದ ವಾದವನ್ನೆಲ್ಲ ನನ್ನ ಮಾತಿನಲ್ಲಿ ಬರೆದುಕೊಳ್ಳುತ್ತೇನೆ, ಏಕೆಂದರೆ ನನ್ನ ಮಾತಿನಲ್ಲಿ ಬರೆಯಲು ಆಗದಿದ್ದರೆ ನನಗೆ ಅರ್ಥವಾಗಿಲ್ಲವೆಂದು ಆಗಲೇ ತಿಳಿಯುತ್ತದೆ, ಕೇಳಲು ಎದುರಿಗೆ ಜನ ಇರುವಾಗಲೇ.

ಇತ್ತೀಚೆಗೆ ಸಭೆಯ ಮಾತನ್ನು ತಾನೇ ಅಕ್ಷರಕ್ಕಿಳಿಸಿ, ಸಾರಾಂಶವನ್ನೂ ಬರೆದುಕೊಡುವ ತಂತ್ರಾಂಶಗಳು ಬಂದಿವೆ. ನಾನು ಅವನ್ನು ಬಳಸುತ್ತೇನೆ, ತಪ್ಪಿಹೋದ ಸಂಖ್ಯೆಯನ್ನು ಹುಡುಕಲು ಅವು ಬಹಳ ಉಪಕಾರಿ. ಆದರೆ ವೈಟ್‌ಬೋರ್ಡ್‌ನ ಮುಂದೆ ನಿಂತವರು "ಇಲ್ಲಿಂದ ಇದಕ್ಕೆ ಹೋಗುತ್ತದೆ, ಅದು ಸಿಗದಿದ್ದರೆ ಅಲ್ಲಿಗೆ ವಾಪಸ್" ಎಂದಾಗ ತಂತ್ರಾಂಶ ಆ ಪದಗಳನ್ನು ಒಂದೂ ಬಿಡದೆ ಬರೆದುಕೊಂಡರೂ ಓದುವವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಅದಕ್ಕಾಗಿ ಬೋರ್ಡಿನ ಚಿತ್ರದ ಪ್ರತಿಯೊಂದು ಚೌಕಕ್ಕೂ ಮೊದಲೇ ಒಂದು ಅಂಕಿ ಹಾಕಿಬಿಡಲು ಕೇಳಿಕೊಳ್ಳುತ್ತೇನೆ. ಆಮೇಲೆ "2ರಿಂದ 4ಕ್ಕೆ, ತಾತ್ಕಾಲಿಕ ಸಂಗ್ರಹದಲ್ಲಿ (ಕ್ಯಾಶ್) ಸಿಗದಿದ್ದರೆ 5ಕ್ಕೆ" ಎಂದು ಬರೆದರೆ ಸಾಕು, ಫೋಟೋ ಜೊತೆಗಿರುತ್ತದೆ. ಸಾರಾಂಶಗಳ ವಿಷಯದಲ್ಲಿ ನನ್ನ ಆತಂಕ ಇನ್ನೂ ಹೆಚ್ಚಿನದು. ನಾನು ನೋಡಿದ ಮಟ್ಟಿಗೆ ಅವು ಭಿನ್ನಾಭಿಪ್ರಾಯವನ್ನು ಸಮತಟ್ಟು ಮಾಡಿ, ಚರ್ಚೆಯಾದದ್ದನ್ನೆಲ್ಲ ತೀರ್ಮಾನದ ಧಾಟಿಯಲ್ಲಿ ಹೇಳುತ್ತವೆ. ಅರ್ಧ ಸತ್ಯದ ಅಂದವಾದ ಪಟ್ಟಿ ನಮ್ಮ ಕ್ಷೇತ್ರದಲ್ಲಿ ಗೀಚುಬರಹಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು, ಏಕೆಂದರೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಕಾರ್ಯತಂಡಗಳಲ್ಲಿ ಒಬ್ಬರು 'ಸ್ಕ್ರೈಬ್' ಆಗಿ, ಸಭೆ ನಡೆಯುತ್ತಿರುವಾಗಲೇ ಎಲ್ಲರೂ ನೋಡುತ್ತಿರುವ ಚಾಟ್ ಚಾನೆಲ್‌ನಲ್ಲಿ ನಡಾವಳಿಯನ್ನು ಟೈಪ್ ಮಾಡುತ್ತ ಹೋಗುವ ಪರಿಪಾಠವಿದೆ. ತಮ್ಮ ಮಾತು ತಪ್ಪಾಗಿ ದಾಖಲಾದರೆ ಹೇಳಿದವರು ಅಲ್ಲಿಯೇ ತಿದ್ದಬಹುದು, ತೀರ್ಮಾನಗಳು ಪ್ರತ್ಯೇಕ ಗುರುತಿನ ಸಾಲುಗಳಾಗಿ ನಿಲ್ಲುತ್ತವೆ. ಇಡೀ ಟಿಪ್ಪಣಿಯನ್ನು ಹಾಗೆ ತೆರೆದಿಡಲು ಎಲ್ಲ ತಂಡಗಳೂ ಒಪ್ಪುವುದಿಲ್ಲ. ನಾನು ಕೊನೆಯ ಐದು ನಿಮಿಷ ಕೇಳಿಕೊಂಡು, ತೀರ್ಮಾನ ಎಂದು ಗುರುತು ಹಾಕಿದ ಸಾಲುಗಳನ್ನಷ್ಟೇ ಪರದೆಯ ಮೇಲೆ ತೋರಿಸಿ ಓದುತ್ತೇನೆ. "ಅದನ್ನು ನಾವು ತೀರ್ಮಾನಿಸಲಿಲ್ಲವಲ್ಲ" ಎಂಬ ಮಾತು ಬರುವುದು ಹೆಚ್ಚಾಗಿ ಆಗಲೇ. ಮಿಂಚಂಚೆಯಲ್ಲಿ ಕಳುಹಿಸಿ, ಆಕ್ಷೇಪವಿದ್ದರೆ ತಿಳಿಸಿ ಎಂದು ಬರೆದರೆ ಬರುವ ಮೌನವನ್ನು ಒಪ್ಪಿಗೆ ಎಂದು ನಾನು ಎಣಿಸುವುದಿಲ್ಲ, ಓದದಿರುವ ಸಾಧ್ಯತೆಯೇ ಹೆಚ್ಚು. ಆದರೂ ಟಿಪ್ಪಣಿಯನ್ನು ಅದೇ ದಿನ, ವಾಕ್ಯಗಳು ಒರಟಾಗಿದ್ದರೂ, ಕಳುಹಿಸಿಬಿಡುತ್ತೇನೆ.

ಯಾರು ಏನು ಹೇಳಿದರು ಎಂದು ಹೆಸರು ಹಾಕಬೇಕೇ ಎಂಬುದು ಪ್ರತಿ ಸಭೆಯಲ್ಲೂ ಹೊಸದಾಗಿ ಯೋಚಿಸಬೇಕಾದ ಪ್ರಶ್ನೆ. ಒಪ್ಪಿಕೊಂಡ ಕೆಲಸದ ಮುಂದೆ ಹೆಸರು ಬೇಕು, ಇಲ್ಲದಿದ್ದರೆ ಅದು ಯಾರ ಕೆಲಸವೂ ಅಲ್ಲ. ಅಂದಾಜಿನ ಮುಂದೆ ಹೆಸರು ಹಾಕಿದರೆ ಮುಂದಿನ ಸಭೆಯಲ್ಲಿ ಅವರು ಅಂದಾಜು ಹೇಳುವುದನ್ನೇ ನಿಲ್ಲಿಸುತ್ತಾರೆ, ಆ ನಷ್ಟ ದೊಡ್ಡದು. ಸರ್ವರ್ ಕುಸಿದ ನಂತರ ನಡೆಯುವ ವಿಮರ್ಶೆಯ ಸಭೆಗಳಲ್ಲಿ ನಾನು ಹೆಸರಿನ ಬದಲು ಹೊಣೆಯನ್ನು ಬರೆಯುತ್ತೇನೆ: "ಪಾಳಿಯಲ್ಲಿದ್ದ ಎಂಜಿನಿಯರ್", "ರಿಲೀಸ್ ಮಾಡಿದವರು". ವ್ಯಕ್ತಿಯನ್ನು ದೂಷಿಸದೆ ಕಾರಣವನ್ನು ಹುಡುಕುವುದೇ ಅಂಥ ಸಭೆಗಳ ಉದ್ದೇಶವಾಗಿರುವುದರಿಂದ ಟಿಪ್ಪಣಿಯೂ ಅದಕ್ಕೆ ತಕ್ಕಂತೆ ಇರಬೇಕು.

ಬರೆಯುವವರು ಯಾರು ಎಂಬುದರ ಬಗ್ಗೆಯೂ ಒಂದು ಮಾತು. ಬಡ್ತಿಗೆ ನೆರವಾಗದ ಇಂಥ ಕೆಲಸಗಳಿಗೆ ಮಹಿಳೆಯರನ್ನೇ ಹೆಚ್ಚಾಗಿ ಕೇಳುತ್ತಾರೆ, ಅವರೇ ಹೆಚ್ಚಾಗಿ ಒಪ್ಪಿಕೊಳ್ಳುತ್ತಾರೆ ಎಂದು 2017ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ತೋರಿಸಿದೆ. ಟಿಪ್ಪಣಿ ಬರೆಯುವವರಿಗೆ ನಡುವೆ ತಡೆದು ಪ್ರಶ್ನೆ ಕೇಳುವ ಹಕ್ಕು ಇರಬೇಕು. ಆ ಹಕ್ಕನ್ನು ಕೊಡದೆ ಬರೆಯುವ ಕೆಲಸವನ್ನು ಮಾತ್ರ ಹೊರಿಸುವ ತಂಡಕ್ಕೆ ಒಳ್ಳೆಯ ಟಿಪ್ಪಣಿ ಸಿಗಲಾರದು ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ಕೈಪಿಡಿ ಬರೆಯಲು ಕೂರುವ ಮೊದಲು ನಾನು ಟಿಪ್ಪಣಿಯಲ್ಲಿ ಉಳಿದಿರುವ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಟಿಕೆಟ್ (ತಂಡದ ಕೆಲಸಗಳ ಪಟ್ಟಿಯಲ್ಲಿ ಒಂದು ನಮೂದು) ಮಾಡುತ್ತೇನೆ, ಉತ್ತರಿಸಬೇಕಾದವರ ಹೆಸರು ಮತ್ತು ದಿನಾಂಕದ ಜೊತೆಗೆ. ಬಹಳಷ್ಟಕ್ಕೆ ಉತ್ತರ ಬರುತ್ತದೆ, ಕೆಲವು ಹೊಸ ದೋಷಗಳನ್ನೇ ಬಯಲಿಗೆಳೆಯುತ್ತವೆ. ರಿಲೀಸ್‌ನ ದಿನ ಬಂದರೂ ಉತ್ತರ ಸಿಗದೆ ಉಳಿದವನ್ನು ಎಂಜಿನಿಯರ್‌ಗಳ ಮುಂದಿಟ್ಟು, ಇದನ್ನು ಬಳಕೆದಾರರಿಗೆ ಇದ್ದಂತೆಯೇ ಹೇಳೋಣವೇ ಎಂದು ಕೇಳುತ್ತೇನೆ. ಅವರು ಒಪ್ಪಿದರೆ ಆ ಸಾಲು ಕೈಪಿಡಿಯ "ತಿಳಿದಿರುವ ಮಿತಿಗಳು" ಎಂಬ ಭಾಗಕ್ಕೆ ಹೋಗುತ್ತದೆ: ಹತ್ತು ಸಾವಿರಕ್ಕಿಂತ ಹೆಚ್ಚು ದಾಖಲೆಗಳಿರುವ ಪಟ್ಟಿಯಲ್ಲಿ ಈ ಸೌಲಭ್ಯವನ್ನು ಪರೀಕ್ಷಿಸಿಲ್ಲ ಎಂದು. ಒಪ್ಪದಿದ್ದರೆ ಪರೀಕ್ಷೆಗೆ ಯಾರಾದರೂ ಅದೇ ದಿನ ಸಮಯ ಮಾಡಿಕೊಳ್ಳುತ್ತಾರೆ.